ಏಳನೇ ಬೆಡ್ಡಿನ ಅಜ್ಜಿಯ ವಿಷಯ

ದಾವಣಗೆರೆ
ಮಂಗಳವಾರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ದೊಡ್ಡಪ್ಪನ ಮಂಡಿ ನೋವು ಎಷ್ಟೋ ವಾಸಿ. ಬೆಳಿಗ್ಗೆ ಹಾಲು ತರಲು ಈಗ ಅವರೇ ಹೋಗುತ್ತಾರೆ. ಭಾನುವಾರ ನೀನು ಫೋನಿನಲ್ಲಿ ಆಡಿದ ಒಂದು ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಫೋನಿನಲ್ಲೇ ಹೇಳೋಣವೆಂದರೆ ನಿನಗೆ ಡ್ಯೂಟಿಗೆ ಹೊರಡುವ ಅವಸರ. ನಿಧಾನವಾಗಿ ಹೇಳಬೇಕಾದ ವಿಷಯ ಇದು. ಅದಕ್ಕೇ ಬರೆಯುತ್ತಿದ್ದೇನೆ.

"ಏಳನೇ ಬೆಡ್ಡಿನ ಅಜ್ಜಿಗೆ ಮರೆವಿನ ಕಾಯಿಲೆ. ರಾತ್ರಿಯೆಲ್ಲ ಕಿರುಚುತ್ತಾರೆ, ಮುಟ್ಟೋಕೆ ಬಿಡಲ್ಲ. ನಿದ್ದೆ ಇಂಜೆಕ್ಷನ್ ಬರೆಸಿ ಬರೆಸಿ ಸಾಕಾಯ್ತು ದೊಡ್ಡಮ್ಮ" ಅಂದೆಯಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇಡೀ ವಾರ್ಡು ಒಬ್ಬಳ ತಲೆ ಮೇಲೆ ಬಿದ್ದ ರಾತ್ರಿ ಹೇಗಿರುತ್ತೆ ಅಂತ ನನಗೆ ಗೊತ್ತು. ಆದರೆ ಒಂದು ಮಾತು ಕೇಳುತ್ತೇನೆ. ಆ ಅಜ್ಜಿಗೆ ಎಲ್ಲಾದರೂ ನೋವಿದೆಯಾ ಅಂತ ಯಾರಾದರೂ ನೋಡಿದ್ದೀರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಾನು ಒಮ್ಮೆ ನೋಡಿರಲಿಲ್ಲ. ನರ್ಸ್ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಯಾವ ಆಸ್ಪತ್ರೆ ಅನ್ನೋದು ಬೇಡ. ಒಬ್ಬ ಅಜ್ಜ ಇದ್ದರು. ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಮೂತ್ರಕ್ಕೆ ಪೈಪ್ ಹಾಕಿದ್ದರು. ಅವತ್ತು ರಾತ್ರಿ ಹನ್ನೊಂದರಿಂದ ಶುರುವಾಯಿತು, ಒಂದೇ ಸಮನೆ ಒದ್ದಾಟ. ಸರಿಯಾಗಿದ್ದ ಕೈಯಿಂದ ಹೊದಿಕೆ ಕಿತ್ತು ಎಸೆಯುತ್ತಿದ್ದರು, ಹೊಟ್ಟೆ ಹತ್ತಿರ ಕೆರೆಯುತ್ತಿದ್ದರು. ಪೈಪ್ ಕಿತ್ತುಕೊಂಡಾರು ಅಂತ ನಾನೇ ಬ್ಯಾಂಡೇಜ್ ಬಟ್ಟೆಯಿಂದ ಆ ಕೈಯನ್ನು ಮಂಚದ ಕಂಬಿಗೆ ಕಟ್ಟಿದೆ. ಡಾಕ್ಟರನ್ನು ಕೇಳಿ ನಿದ್ದೆಗೆ ಕೊಟ್ಟೆ. ಬೆಳಗಿನ ಜಾವ ಹಾಸಿಗೆ ಬದಲಿಸಲು ಬಂದ ಆಯಾ "ಸಿಸ್ಟರ್, ಬ್ಯಾಗ್ ಖಾಲಿ ಇದೆಯಲ್ಲ" ಅಂದಳು. ಪೈಪು ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದ ತಕ್ಷಣ ಹೆಚ್ಚೂಕಮ್ಮಿ ಒಂದು ಲೀಟರ್ ಹರಿಯಿತು. ಅಜ್ಜನ ಮುಖ ನನ್ನ ಕಣ್ಣೆದುರಿಗೇ ಸಡಿಲವಾಯಿತು. ಹಣೆಯ ಗಂಟು ಬಿಚ್ಚಿತು. ಕಟ್ಟು ಬಿಚ್ಚಿದ ಮೇಲೆ ಆ ಕೈ ಆಯಾಳ ಸೆರಗು ಹಿಡಿದುಕೊಂಡಿತು. ಮಣಿಕಟ್ಟಿನ ಮೇಲೆ ಬಟ್ಟೆಯ ಕೆಂಪು ಗುರುತು ಹಾಗೇ ಇತ್ತು. ಚಾರ್ಟಿನಲ್ಲಿ ನನ್ನದೇ ಅಕ್ಷರ: ಪೇಷಂಟ್ ರೆಸ್ಟ್‌ಲೆಸ್, ಕೈ ಕಟ್ಟಲಾಗಿದೆ.

ಆರು ಗಂಟೆ ಹೊತ್ತು ಅವರು ನನಗೆ ಹೇಳುತ್ತಲೇ ಇದ್ದರು ಪುಟ್ಟಿ. ನನಗೆ ಕೇಳಿಸಲಿಲ್ಲ.

ಕಾಲೇಜಿನಲ್ಲಿ ನಿಮಗೆ ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೇಳಿ ಬರೆಯಲು ಕಲಿಸಿದ್ದಾರೆ. ಒಳ್ಳೆಯದೇ. ಆದರೆ ಅದು ಬಾಯಿ ಇದ್ದವರಿಗೆ. ಮಾರ್ಗೊ ಮೆಕ್ಯಾಫರಿ ಅಂತ ಅಮೆರಿಕದ ಒಬ್ಬ ನರ್ಸ್ 1968ರಲ್ಲೇ ಹೇಳಿದ್ದರು: ರೋಗಿ ಯಾವುದನ್ನು ನೋವು ಅನ್ನುತ್ತಾರೋ ಅದೇ ನೋವು, ಇದೆ ಅಂದಾಗೆಲ್ಲ ಅದು ಇದೆ. ನಮ್ಮ ಕಾಲದಲ್ಲಿ ಅಷ್ಟು ನಂಬುವುದೇ ದೊಡ್ಡ ವಿಷಯವಾಗಿತ್ತು. "ನಾಟಕ ಮಾಡ್ತಾರೆ" ಅನ್ನುವವರೇ ಜಾಸ್ತಿ. ಹೇಳಲಾಗದವರ ಗತಿ ಏನು? ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿದಾಗ ಇದನ್ನು ಬಿಡಿಸಿ ಬರೆಯಿತು. ಮಾತಿನಲ್ಲಿ ಹೇಳಲಾಗದಿದ್ದರೆ ನೋವಿಲ್ಲ ಅಂತ ಅರ್ಥ ಅಲ್ಲ ಅಂತ.

ಹಾಗಾದರೆ ಗೊತ್ತಾಗೋದು ಹೇಗೆ? ನೋಡಬೇಕು, ಅಷ್ಟೇ. ಮರೆವಿನವರಿಗಾಗಿ ಐದು ಗುರುತು ನೋಡುವ ಒಂದು ಪಟ್ಟಿ ಇದೆ, ಪೈನ್ಯಾಡ್ ಅನ್ನುತ್ತಾರೆ. ಉಸಿರು ಹೇಗಿದೆ, ನರಳುತ್ತಾರಾ, ಮುಖ ಹಿಂಡಿಕೊಳ್ಳುತ್ತಾರಾ, ಮೈ ಬಿಗಿ ಮಾಡುತ್ತಾರಾ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ. ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು. ಒಟ್ಟು ಹತ್ತು. ನಿನ್ನ ವಾರ್ಡಿನಲ್ಲಿ ಆ ಹಾಳೆ ಇಲ್ಲದಿದ್ದರೆ ಒಂದು ಪ್ರಿಂಟ್ ತೆಗೆದು ಅಂಟಿಸು. ಅಜ್ಜಿ ಸುಮ್ನೆ ಮಲಗಿದ್ದಾಗ ಮಾತ್ರ ನೋಡಬೇಡ. ಮಗ್ಗುಲು ಬದಲಿಸುವಾಗ, ಬಟ್ಟೆ ಬದಲಿಸುವಾಗ ನೋಡು. ನೋವು ಅಲ್ಲೇ ಸಿಕ್ಕಿಬೀಳುತ್ತದೆ.

ಮುಟ್ಟಿ ನೋಡುವುದನ್ನೂ ಬಿಡಬೇಡ. ಕಿಬ್ಬೊಟ್ಟೆ ಉಬ್ಬಿದೆಯಾ, ಮೂತ್ರ ಕಟ್ಟಿದೆಯಾ? ಮಲವಾಗಿ ಎಷ್ಟು ದಿನ ಆಯ್ತು? ಬಾಯಿ ತೆಗೆಸಿ ಟಾರ್ಚ್ ಹಾಕು, ಹಲ್ಲಿನ ಸೆಟ್ಟು ಒತ್ತಿ ಹುಣ್ಣಾಗಿರಬಹುದು. ಬೆನ್ನು, ಹಿಮ್ಮಡಿ, ಸೊಂಟದ ಮೂಳೆ, ಹಾಸಿಗೆ ಹುಣ್ಣು ಶುರುವಾಗುವ ಜಾಗಗಳು ಇವೇ. ಡ್ರಿಪ್ ಹಾಕಿದ ಕೈ ಊದಿದೆಯಾ? ಮನೆಯಲ್ಲಿ ಬಿದ್ದಿದ್ದರಾ ಅಂತ ಮಗನನ್ನೋ ಸೊಸೆಯನ್ನೋ ಕೇಳು. ಚಪ್ಪೆ ಮೂಳೆ ಬಿರುಕು ಬಿಟ್ಟಿದ್ದರೂ ಎಷ್ಟೋ ಮುದುಕರು ಎರಡು ದಿನ ಗೊತ್ತಾಗದೆ ಮಲಗಿರುತ್ತಾರೆ. ಮನೆಯವರಿಗೆ ಇನ್ನೊಂದು ಪ್ರಶ್ನೆಯನ್ನೂ ಹಾಕು: "ಮೊದಲು ಚೆನ್ನಾಗಿದ್ದಾಗ ಅಮ್ಮನಿಗೆ ನೋವಾದರೆ ಏನು ಮಾಡುತ್ತಿದ್ದರು?" ಕೆಲವರು ಮೌನವಾಗುತ್ತಾರೆ, ಕೆಲವರು ಬೈಯುತ್ತಾರೆ. ಅದು ಮಗಳಿಗೆ ಗೊತ್ತಿರುತ್ತದೆ, ನಮಗಲ್ಲ.

ನಾರ್ವೆಯಲ್ಲಿ ವೃದ್ಧಾಶ್ರಮಗಳ ಮರೆವಿನ ರೋಗಿಗಳ ಮೇಲೆ ಒಂದು ಅಧ್ಯಯನ ಆಯಿತು, 2011ರಲ್ಲಿ ಪ್ರಕಟವಾಯಿತು. ಒಟ್ಟು 352 ಜನ, ಎಲ್ಲರೂ ಕೂಗಾಟ, ಹೊಡೆದಾಟದವರು. ಅರ್ಧ ಜನಕ್ಕೆ ಎಂಟು ವಾರ ಹಂತಹಂತವಾಗಿ ನೋವಿನ ಔಷಧಿ ಕೊಟ್ಟರು. ಅವರಲ್ಲಿ ಬಹಳ ಮಂದಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್, ಹೊತ್ತು ಹೊತ್ತಿಗೆ ಸರಿಯಾಗಿ. ಅವರ ಗಲಾಟೆ ಕಮ್ಮಿಯಾಯಿತು. ಇದನ್ನು ಓದಿದಾಗ ನನ್ನ ಲಕ್ವದ ಅಜ್ಜ ನೆನಪಾದರು. ಹಾಗಂತ ನೀನೇ ಮಾತ್ರೆ ಕೊಡಲು ಹೋಗಬೇಡ. ಮುದುಕರ ತೂಕ ಕಮ್ಮಿ, ಲಿವರ್ ಸೋತಿರುತ್ತದೆ, ದೊಡ್ಡವರ ಲೆಕ್ಕದ ದಿನಕ್ಕೆ ನಾಲ್ಕು ಗ್ರಾಂ ಪ್ಯಾರಾಸಿಟಮಾಲ್ ಅವರಿಗೆ ಜಾಸ್ತಿಯಾಗಬಹುದು. ಡೈಕ್ಲೊಫೆನಾಕ್ ಥರದ ನೋವಿನ ಇಂಜೆಕ್ಷನ್‌ಗಳು ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತವೆ. ಏನು ಕೊಡಬೇಕು ಅನ್ನೋದು ಡಾಕ್ಟರ್ ಕೆಲಸ. ಆದರೆ ಅವರ ಕಿವಿಗೆ ಏನು ಬೀಳುತ್ತದೆ ಅನ್ನೋದು ನಿನ್ನ ಕೈಯಲ್ಲಿದೆ. "ಏಳನೇ ಬೆಡ್ ಗಲಾಟೆ ಸರ್" ಅಂದರೆ ನಿದ್ದೆಗೆ ಬರೆಯುತ್ತಾರೆ. "ಸರ್, ಬಲಗಡೆ ತಿರುಗಿಸಿದಾಗ ಮುಖ ಹಿಂಡುತ್ತಾರೆ, ಬಲ ತೊಡೆ ಮುಟ್ಟಿದರೆ ಕೈ ತಳ್ಳುತ್ತಾರೆ, ಎಂಟು ಗಂಟೆಯಿಂದ ಹೀಗಿದೆ" ಅಂದು ನೋಡು. ಬಂದು ಪರೀಕ್ಷೆ ಮಾಡುತ್ತಾರೆ. ಅದನ್ನೇ ಚಾರ್ಟಿನಲ್ಲೂ ಬರೆ. ಔಷಧಿ ಕೊಟ್ಟ ಮೇಲೆ ಮರೆಯದೆ ವಾಪಸ್ ಹೋಗಿ ನೋಡು. ಮಾತ್ರೆಯಾದರೆ ಒಂದು ಗಂಟೆ, ನರಕ್ಕೆ ಕೊಟ್ಟಿದ್ದರೆ ಅರ್ಧ ಗಂಟೆಯೊಳಗೆ. ನಮ್ಮಲ್ಲಿ ಕೊಟ್ಟದ್ದು ಬರೆಯುತ್ತಾರೆ, ಕೆಲಸ ಮಾಡಿತೋ ಇಲ್ಲವೋ ಬರೆಯುವುದಿಲ್ಲ.

ಮುಂದಿನ ತಿಂಗಳು ನಿನ್ನನ್ನು ಹಸುಗೂಸುಗಳ ಐಸಿಯುಗೆ ಹಾಕುತ್ತಾರೆ ಅಂದೆಯಲ್ಲ. ಅಲ್ಲಿನ ವಿಷಯವೂ ಇದೇ. ನಾನು ಕಲಿಯುತ್ತಿದ್ದ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ನೋವೇ ಗೊತ್ತಾಗಲ್ಲ, ನರ ಇನ್ನೂ ಬಲಿತಿರಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಮೈ ಅಲುಗಾಡದ ಹಾಗೆ ಔಷಧಿ ಕೊಟ್ಟು, ನೋವಿಗೆ ಏನೂ ಇಲ್ಲದ ಹಾಗೇ ಆಪರೇಷನ್ ಮಾಡಿದ್ದೂ ಉಂಟು. ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಒಬ್ಬರು ನಮ್ಮ ದೇಶದವರೇ, ಇಂದೋರ್‌ನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾಕ್ಟರ್ ಕನ್ವಲ್ಜೀತ್ ಆನಂದ್. ದಿನ ತುಂಬದೆ ಹುಟ್ಟಿ ಎದೆಯ ಆಪರೇಷನ್‌ಗೆ ಹೋಗುವ ಮಕ್ಕಳಲ್ಲಿ ಕೆಲವರಿಗೆ ಫೆಂಟನಿಲ್ ಅನ್ನುವ ನೋವಿನ ಔಷಧಿ ಸೇರಿಸಿ ಕೊಟ್ಟು, ಉಳಿದವರಿಗೆ ಎಂದಿನಂತೆ ಮಾಡಿ ಹೋಲಿಸಿದರು. ಔಷಧಿ ಸಿಕ್ಕ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಮ್ಮಿ, ಆಪರೇಷನ್ ಆದ ಮೇಲೆ ತೊಂದರೆಯೂ ಕಮ್ಮಿ. ಅದು ಪ್ರಕಟವಾದದ್ದು 1987ರಲ್ಲಿ. ನಾವು ಅದಕ್ಕೆ ಮೊದಲು ಎಷ್ಟು ಎಳೆ ಹಿಮ್ಮಡಿಗಳಿಗೆ ಯೋಚನೆಯೇ ಇಲ್ಲದೆ ಚುಚ್ಚಿದ್ದೇವೋ.

ಅಲ್ಲಿ ನಿನಗೆ ಔಷಧಿ ಇಲ್ಲದೆಯೂ ಮಾಡಬಹುದಾದದ್ದು ತುಂಬಾ ಇದೆ. ರಕ್ತ ತೆಗೆಯುವ ಮೊದಲು ಬಾಣಂತಿಯನ್ನು ಕರೆಸು. ಮಗು ಮೊಲೆ ಕುಡಿಯುತ್ತಿರುವಾಗಲೇ ಚುಚ್ಚಬಹುದು. ಕುಡಿಯಲಾಗದ ಮಗುವಿಗೆ ಎರಡು ನಿಮಿಷ ಮೊದಲು ನಾಲಿಗೆ ತುದಿಗೆ ಒಂದೆರಡು ಹನಿ ತಾಯಿಹಾಲು, ಇಲ್ಲವೇ ಡಾಕ್ಟರ್ ಬರೆದ ಸಕ್ಕರೆ ದ್ರಾವಣ. ತಾಯಿಯ ಎದೆಗೆ ಬರಿಮೈ ಅಂಟಿಸಿ ಮಲಗಿಸಿದರೂ ಅಳು ಕಮ್ಮಿ. ಎರಡು ಸಲ ಚುಚ್ಚುವ ಕೆಲಸವನ್ನು ಒಂದೇ ಸಲಕ್ಕೆ ಸೇರಿಸಲು ಆಗುತ್ತಾ ನೋಡು. ತುಂಬಾ ಸೋತ ಮಗು ಅಳುವುದೇ ಇಲ್ಲ, ಅದು ನೆನಪಿರಲಿ. ವೆಂಟಿಲೇಟರ್ ಮೇಲಿರುವ ದೊಡ್ಡವರೂ ಅಷ್ಟೇ. ಸ್ನಾಯು ಸಡಿಲಿಸುವ ಔಷಧಿ ಹರಿಯುತ್ತಿದ್ದರೆ ಮುಖ ಕೂಡ ಹಿಂಡಲಾಗುವುದಿಲ್ಲ. ಅಂಥವರಿಗೆ ನೋವಿದೆ ಅಂತಲೇ ಹಿಡಿದು ನಡೆಯಬೇಕು. ಕಫ ಎಳೆಯುವ ಮೊದಲು ಕಿವಿ ಹತ್ತಿರ ಹೇಳಿ ಎಳೆ.

ಮಾತಾಡುವವರಲ್ಲೂ ನಂಬರ್ ಹೇಳಲಾಗದವರು ಎಷ್ಟೋ ಜನ. ಹರಪನಹಳ್ಳಿ ಕಡೆಯ ಒಬ್ಬ ಯಜಮಾನರನ್ನು "ಹತ್ತಕ್ಕೆ ಎಷ್ಟು ನೋವು" ಅಂತ ಕೇಳಿದರೆ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. "ರೂಪಾಯಿಗೆ ಎಷ್ಟಾಣೆ" ಅಂತ ಕೇಳಿದೆ, ಹದಿನಾರಾಣೆಗೆ ಒಂದು ರೂಪಾಯಿಯ ಹಳೇ ಲೆಕ್ಕ. ತಕ್ಷಣ ಹೇಳಿದರು: "ನಿನ್ನೆ ಹದಿನಾಲ್ಕಾಣೆ ಇತ್ತು ತಾಯಿ, ಈಗ ಆರಾಣೆ." ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಾ? ಈಗಿನ ಹುಡುಗರಿಗೆ ಆಣೆ ಗೊತ್ತಿಲ್ಲ, ಅವರನ್ನು ನೂರಕ್ಕೆ ಎಷ್ಟು ಅಂತ ಕೇಳು.

ನೋವಿಗೆ ನಮ್ಮ ಭಾಷೆಯಲ್ಲಿರುವ ಮಾತುಗಳನ್ನೂ ಕಿವಿಗೊಟ್ಟು ಕೇಳು. ಉರಿ, ಜುಮುಜುಮು, ಕರೆಂಟ್ ಹೊಡೆದ ಹಾಗೆ, ಇರುವೆ ಹರಿದ ಹಾಗೆ ಅಂದರೆ ನರದ ನೋವು ಇರಬಹುದು, ಅದಕ್ಕೆ ಮಾಮೂಲಿ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಬೇರೆ ಔಷಧಿ ಇದೆ. ಹೊಟ್ಟೆ ನುಲಿಯುತ್ತೆ ಅಂದರೆ ಬೇರೆ, ಎದೆ ಹಿಂಡುತ್ತೆ ಅಂದರೆ ಬೇರೆ. ನಮ್ಮ ಉತ್ತರದ ಕಡೆಯವರು ಬ್ಯಾನಿ ಅನ್ನುತ್ತಾರೆ, ಚಳಕು ಅನ್ನುತ್ತಾರೆ. ಇದೆಲ್ಲ ಕೇಸ್ ಶೀಟಿಗೆ ಹೋಗುವಾಗ ಪೈನ್ ಅನ್ನುವ ಒಂದೇ ಮಾತಾಗಿಬಿಡುತ್ತದೆ. ಬಿಡಬೇಡ. ಅವರು ಹೇಳಿದ ಮಾತನ್ನೇ ಬರೆ. ಕನ್ನಡವೇ ಬಾರದ ಕಟ್ಟಡ ಕೆಲಸದವರು ನಿನ್ನ ವಾರ್ಡಿಗೆ ಬರುತ್ತಾರಲ್ಲ, ಅವರ ಭಾಷೆಯಲ್ಲಿ ನೋವಿಗೆ ಏನನ್ನುತ್ತಾರೆ ಅಂತ ಒಂದೊಂದು ಪದ ಕಲಿತುಕೋ. ಹಿಂದಿಯವರ ದರ್ದ್, ತೆಲುಗಿನವರ ನೊಪ್ಪಿ.

ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಹಾಡಿಗಳಿಂದ ಬರುವ ಹುಡುಗರಲ್ಲಿ ಕುಡುಗೋಲು ಕಣ ರಕ್ತಹೀನತೆ, ಅಂದರೆ ರಕ್ತದ ಕಣ ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್ ಕಾಯಿಲೆ, ಇರುವವರಿದ್ದಾರೆ. ಅದರ ನಿವಾರಣೆಗೆ 2023ರಿಂದ ಕೇಂದ್ರ ಸರ್ಕಾರದ ಅಭಿಯಾನವೇ ನಡೆಯುತ್ತಿದೆ. ನೋವು ಕೆರಳಿದಾಗ ಮೂಳೆ ಮುರಿದ ಹಾಗಿರುತ್ತೆ ಅನ್ನುತ್ತಾರೆ, ಮೇಲೆ ನೋಡಿದರೆ ಊತವೂ ಇಲ್ಲ ಗಾಯವೂ ಇಲ್ಲ. ತಿಂಗಳಿಗೊಮ್ಮೆ ಬಂದು ಇಂಜೆಕ್ಷನ್ ಕೇಳಿದರೆ ಚಟ ಅಂದುಬಿಡುತ್ತಾರೆ. ನೀನು ಹಾಗೆ ಅನ್ನಬೇಡ. ಬೆಚ್ಚಗೆ ಹೊದಿಸು, ನೀರು ಕುಡಿಸು, ಐಸ್ ಮಾತ್ರ ಇಡಬೇಡ, ತಂಡಿಗೆ ಅದು ಹೆಚ್ಚಾಗುತ್ತದೆ.

ಅಫೀಮಿನಿಂದ ತೆಗೆಯುವ ನೋವಿನ ಔಷಧಿ ಮಾರ್ಫಿನ್ ವಿಷಯ ಬರೆಯದೆ ಪತ್ರ ಮುಗಿಸಲಾರೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುವ ದೇಶ ನಮ್ಮದು. ಅದೇ ದೇಶದಲ್ಲಿ ಕ್ಯಾನ್ಸರಿನವರು ಮಾರ್ಫಿನ್ ಸಿಗದೆ ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಅದನ್ನು ಇಡಲೇ ಹೆದರಿದವು. ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದಿದರು. ಕಾನೂನು ಸಡಿಲವಾದರೂ ಮನೆಯವರ ಭಯ ಹೋಗಿಲ್ಲ. "ಮಾರ್ಫಿನ್ ಕೊಟ್ಟರೆ ಮುಗೀತು ಅಂತ ಅರ್ಥ ಅಲ್ವಾ ಸಿಸ್ಟರ್?" ಅಂತ ಕೇಳುತ್ತಾರೆ. ಕೂರಿಸಿಕೊಂಡು ಹೇಳು, ಸರಿಯಾದ ಅಳತೆಯಲ್ಲಿ ಕೊಟ್ಟರೆ ಜನ ಎದ್ದು ಕೂತು ಊಟ ಮಾಡುತ್ತಾರೆ ಅಂತ. ಮಾಮೂಲಿ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡು, ನೋವು ಬರಲಿ ಅಂತ ಕಾಯಬೇಡ. ಮಲ ಕಟ್ಟೇ ಕಟ್ಟುತ್ತದೆ, ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಬರೆಸಿಕೋ. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಉಳಿದುಬಿಡುತ್ತದೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾದರೆ ಓಡಿ ಡಾಕ್ಟರನ್ನು ಕರೆ.

ನೀನಿರುವ ಬೆಂಗಳೂರಲ್ಲೇ ಕರುಣಾಶ್ರಯ ಇದೆ. ಗುಣವಾಗದ ಹಂತದ ಕ್ಯಾನ್ಸರಿನವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಒಂದು ರಜೆ ದಿನ ಕೇಳಿಕೊಂಡು ಹೋಗಿ ಬಾ. ಡ್ರೆಸ್ಸಿಂಗ್‌ಗೆ ಮೊದಲೇ ನೋವಿನ ಮಾತ್ರೆ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಬ್ಯಾಂಡೇಜನ್ನು ನೀರಲ್ಲಿ ನೆನೆಸಿ ಬಿಚ್ಚುವ ಕೈಗಳನ್ನು ಹತ್ತಿರದಿಂದ ನೋಡಬೇಕು ನೀನು. ಒಣಗಿದ ಗಾಜ್ ಬಟ್ಟೆಯನ್ನು ಚರ್ರನೆ ಎಳೆಯುವುದನ್ನು ಈಗಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ.

ನಿಮ್ಮಮ್ಮ ಶುಕ್ರವಾರ ಬೆಂಗಳೂರಿಗೆ ಬರುತ್ತಾಳಂತೆ. ಶೇಂಗಾ ಚಟ್ನಿಪುಡಿ, ರೊಟ್ಟಿ ಕಳಿಸುತ್ತಿದ್ದೇನೆ. ರಾತ್ರಿ ಡ್ಯೂಟಿಗೆ ಬರೀ ಟೀ ಕುಡಿದು ಹೋಗಬೇಡ.

ನಾಳೆ ರಾತ್ರಿ ಆ ಅಜ್ಜಿಯನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡು. ಹತ್ತು ನಿಮಿಷ ಸಾಕು. ಏನು ಕಂಡಿತು ಅಂತ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ, ಎದ್ದಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ