ನೀಲಿ ಅಮರಿಲ್ಲಿಸ್ ಗೆಡ್ಡೆಗೆ ದುಡ್ಡು ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಮೊಬೈಲ್ ತೆರೆದರೆ ಸಾಕು, ‘ನೀಲಿ ಅಮರಿಲ್ಲಿಸ್’ ಗೆಡ್ಡೆಯ ಜಾಹೀರಾತು. ನವಿಲುಗರಿ ಬಣ್ಣದ ಹೂವಿನ ಫೋಟೊ, ಪಕ್ಕದಲ್ಲಿ ರಿಯಾಯಿತಿ ದರ. ನನ್ನ ಓರಗಿತ್ತಿ ಆಸೆಪಟ್ಟು ತರಿಸಿದಳು. ಈ ಬೇಸಿಗೆಯಲ್ಲಿ ಹೂ ಬಿಟ್ಟಿತು. ಕೆಂಪು ಎಸಳು, ನಡುವೆ ಬಿಳಿ ಗೀರು! ನಮ್ಮ ಕೇರಿಯಲ್ಲಿ ಬೇಲಿಯಾಚೆಯಿಂದ ಸುಮ್ನೆ ಕೊಟ್ಟು ತಗೊಂಡು ಮಾಡುವ ಅದೇ ಕೆಂಪು ಲಿಲ್ಲಿ. ಮಾರಿದವರು ಈಗ ಫೋನ್ ಎತ್ತುವುದಿಲ್ಲ.

ನಾವು ಕುಂಡದಲ್ಲಿ ಬೆಳೆಸುವ ಅಮರಿಲ್ಲಿಸ್‌ನ ಸರಿಯಾದ ಹೆಸರು ಹಿಪ್ಪಿಯಾಸ್ಟ್ರಮ್. ಇದರಲ್ಲಿ ಕೆಂಪು, ಗುಲಾಬಿ, ಬಿಳಿ, ಕಿತ್ತಳೆ, ತುಸು ಹಸಿರು ಎಲ್ಲ ಉಂಟು. ನೀಲಿ ಮಾತ್ರ ಇಲ್ಲ. ಜಾಹೀರಾತಿನ ನೀಲಿ ಕಂಪ್ಯೂಟರಿನಲ್ಲಿ ಬಳಿದದ್ದು.

ಹಾಗಂತ ನೀಲಿ ಅಮರಿಲ್ಲಿಸ್ ಕಟ್ಟುಕಥೆಯಲ್ಲ. ಅದೇ ಕುಟುಂಬದ ವರ್ಸ್ಲೆಯಾ ಎಂಬ ಗಿಡವನ್ನು ಆ ಹೆಸರಿನಿಂದ ಕರೆಯುತ್ತಾರೆ. ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದಲ್ಲಿ, ಪೆಟ್ರೊಪೊಲಿಸ್ ಸುತ್ತಿನ ಬೆಟ್ಟಗಳಲ್ಲಿ ಮಾತ್ರ ಅದು ತಾನಾಗಿ ಬೆಳೆಯುತ್ತದೆ. ಚಕ್ರವರ್ತಿ ಎರಡನೇ ಪೆಡ್ರೊ ಬೇಸಿಗೆ ಕಳೆಯುತ್ತಿದ್ದ ಊರದು. ಹೂವಿಗೂ ‘ಬ್ರೆಜಿಲ್‌ನ ಸಾಮ್ರಾಜ್ಞಿ’ ಎಂಬ ಹೆಸರಿದೆ. 1863ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿಯೊಬ್ಬರು ಅಮರಿಲ್ಲಿಸ್ ಎಂದೇ ದಾಖಲಿಸಿದ್ದರು. ಆಮೇಲೆ ಅದಕ್ಕೆ ಬೇರೆ ಕುಲ ಮಾಡಿದರು. ಆ ಕುಲದಲ್ಲಿ ಇರುವುದು ಅದೊಂದೇ ಗಿಡ.

ಅದರ ಮನೆ ನೋಡಿ. ಜಲಪಾತದ ಪಕ್ಕದ ಕಡಿದಾದ ಕಲ್ಲುಬಂಡೆ. ಮಣ್ಣು ಎಂಬುದು ಹೆಸರಿಗಷ್ಟೇ. ಬಂಡೆಯ ಬಿರುಕಿಗೆ ದಪ್ಪ ಬೇರು ಇಳಿಸಿ, ಬಿಸಿಲನ್ನೂ ನೀರ ಹನಿಯನ್ನೂ ಮೈಮೇಲೆ ಹಾಕಿಕೊಂಡು ನಿಲ್ಲುತ್ತದೆ. ಗೆಡ್ಡೆಗೆ ಉದ್ದನೆಯ ಕತ್ತು. ಎಲೆ ಕುಡುಗೋಲಿನಂತೆ ಬಾಗಿರುತ್ತದೆ. ಹೂವು ಕೂಡ ಜಾಹೀರಾತಿನಷ್ಟು ಗಾಢವಲ್ಲ. ತಿಳಿ ನೇರಳೆ ಬೆರೆತ ನೀಲಿ, ಒಳಗೆ ಬಿಳುಪು, ಎಸಳ ಮೇಲೆ ಸಣ್ಣ ಸಣ್ಣ ಚುಕ್ಕೆ. ನನಗಂತೂ ಇದೇ ಜಾಸ್ತಿ ಚೆಂದ.

ಬೀಜ ಹಾಕಿದರೆ ಹೂ ನೋಡಲು ಹತ್ತು ವರ್ಷ ಕಾಯಬೇಕಾದೀತು. ಮರಿಗೆಡ್ಡೆಯೂ ಅಪರೂಪ. ಅಂಥ ಗಿಡವನ್ನು ಇನ್ನೂರು ಮುನ್ನೂರು ರೂಪಾಯಿಗೆ ಯಾರು ಕೊಡುತ್ತಾರೆ, ಹೇಳಿ. ಒಂದು ವೇಳೆ ಯಾರಾದರೂ ನಿಜವಾದ ಗೆಡ್ಡೆಯನ್ನೇ ಮಾರಿದರೆ ಅದು ಬಂಡೆಯಿಂದ ಕಿತ್ತದ್ದೋ, ಬೀಜದಿಂದ ಬೆಳೆಸಿದ್ದೋ ಎಂದು ಮೊದಲು ಕೇಳಬೇಕು. ಕಾಡ್ಗಿಚ್ಚು, ಗಿಡ ಕೀಳುವವರ ಕಾಟ ಎರಡನ್ನೂ ಅದು ತಡೆದುಕೊಳ್ಳಬೇಕಿದೆ. ಇರುವ ಜಾಗವೋ ಅಷ್ಟೇ ಅಷ್ಟು. ಕಿತ್ತ ಗೆಡ್ಡೆಯ ಜಾಗದಲ್ಲಿ ಇನ್ನೊಂದು ಬಲಿಯುವುದು ನಮ್ಮ ಮಕ್ಕಳ ಕಾಲಕ್ಕೆ.

ನಿಮ್ಮ ಕೈತೋಟದ ಪುಟದಲ್ಲಿ ಇಂಥ ಜಾಹೀರಾತುಗಳ ಬಗ್ಗೆ ದಯವಿಟ್ಟು ಒಂದು ಎಚ್ಚರಿಕೆ ಹಾಕಿ. ಮಳೆಗಾಲ ಶುರುವಾಗುವ ಹೊತ್ತಿಗೆ ಗೆಡ್ಡೆ ತರಿಸುವವರು ಬಹಳ. ಈಗಾಗಲೇ ಮೋಸಹೋದವರು ಬಿಲ್ಲು, ಜಾಹೀರಾತಿನ ಚಿತ್ರ, ಅರಳಿದ ಹೂವಿನ ಫೋಟೊ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಓರಗಿತ್ತಿಯಿಂದಲೂ ಕೊಡಿಸಿದ್ದೇನೆ.

– ಒಬ್ಬ ಓದುಗಿ, ಶಿರಸಿ