ಎರಡು ಡಿಸೈನ್ ಕೂಡಿಸುವುದು ಎಳೆದು ಪಕ್ಕಕ್ಕಿಟ್ಟಷ್ಟು ಸುಲಭವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಮನೆಯಲ್ಲೇ ಮಾಡುವ ಮೆಷಿನ್ ಎಂಬ್ರಾಯ್ಡರಿ ಬಗ್ಗೆ ಬಂದ ಬರಹ ಓದಿದೆ. ನಾನು ದಿನಾ ಮಾಡುವ ಕೆಲಸ ಪತ್ರಿಕೆಯಲ್ಲಿ ಬಂದಿದ್ದು ನೋಡಿ ಖುಷಿಯಾಯಿತು. ಆದರೆ ಅದರ ಒಂದು ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಎರಡು ಮೂರು ಡಿಸೈನ್‌ಗಳನ್ನು ಕಂಪ್ಯೂಟರ್‌ನಲ್ಲಿ ಎಳೆದು ಒಟ್ಟಿಗೆ ಇಟ್ಟು, ಬೇಕಾದ ಅಳತೆಗೆ ತಂದು, ಸೇವ್ ಮಾಡಿದರೆ ಆಯಿತು, ಉಳಿದಿದ್ದನ್ನು ಮೆಷಿನ್ ನೋಡಿಕೊಳ್ಳುತ್ತದೆ ಅಂತ ಅಲ್ಲಿ ಬರೆದಿದ್ದರು. ಹೊಸಬರು ಇದನ್ನು ನಂಬಿ ಕೂತರೆ ಮೊದಲ ವಾರದಲ್ಲೇ ಸೂಜಿ ಮುರಿದು, ಬಟ್ಟೆ ಹಾಳಾಗಿ, 'ಇದು ನನ್ನ ಕೈಲಿ ಆಗಲ್ಲ' ಅಂತ ಮೆಷಿನ್ ಮುಚ್ಚಿಡುತ್ತಾರೆ. ನಾನೂ ಮುಚ್ಚಿಟ್ಟಿದ್ದೆ, ಹೆಚ್ಚುಕಡಿಮೆ ಎರಡು ತಿಂಗಳು. ಅದಕ್ಕೇ ಈ ಪತ್ರ.

ಅಕ್ಕನ ಮಗಳಿಗೆ ಮಗು ಹುಟ್ಟಿತ್ತು. ಮಗುವಿನ ಹೊದಿಕೆಯ ಮೂಲೆಗೆ ಏನಾದರೂ ಹೊಲಿದು ಕೊಡೋಣ ಅಂದುಕೊಂಡೆ. ಎಲೆಗಳ ಬಳ್ಳಿ ಒಂದು ಕಡೆಯಿಂದ ಸಿಕ್ಕಿತು, ದೊಡ್ಡ ಹೂವು ಇನ್ನೊಂದು ಕಡೆಯಿಂದ. ಮಗುವಿನ ಹೆಸರಿನ ಮೊದಲ ಅಕ್ಷರವನ್ನು ಸಾಫ್ಟ್‌ವೇರ್‌ನಲ್ಲೇ ಬರೆದುಕೊಂಡೆ. ಎಲೆ ಕೆಳಗೆ, ಅದರ ಮೇಲೆ ಹೂವು, ಹೂವಿನ ಮೇಲೆ ಅಕ್ಷರ. ಪರದೆ ಮೇಲೆ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಎಲೆ ಮುಗಿಯಿತು. ಹೂವೂ ಹೇಗೋ ಮುಗಿಯಿತು, ದಾರ ನಾಲ್ಕು ಸಲ ಕಿತ್ತುಹೋಯಿತು ಅಷ್ಟೇ. ಅಕ್ಷರ ಶುರುವಾಗಿ ಅರ್ಧ ನಿಮಿಷಕ್ಕೆ ಟಕ್ ಅಂತ ಸದ್ದು. ಸೂಜಿ ಎರಡು ತುಂಡು. ಹೊಸ ಸೂಜಿ ಹಾಕಿ ಮುಂದುವರಿಸಿದೆ. ಅದೇ ಜಾಗದಲ್ಲಿ ಮತ್ತೆ ಟಕ್. ಬಟ್ಟೆ ಬಿಗಿದಿಟ್ಟ ಫ್ರೇಮ್ ಬಿಚ್ಚಿ ಬಟ್ಟೆ ಕೈಗೆ ತೆಗೆದುಕೊಂಡರೆ ಆ ಭಾಗ ಮಡಚಲಿಕ್ಕೇ ಬರುತ್ತಿಲ್ಲ. ಮೆತ್ತಗಿನ ಹೊದಿಕೆಯಲ್ಲಿ ಒಂದು ತುಂಡು ರಟ್ಟು ಹೊಲಿದ ಹಾಗೆ ಆಗಿತ್ತು. ಹಸುಗೂಸಿನ ಕೆನ್ನೆಗೆ ಅದನ್ನು ಹೇಗೆ ತಾಗಿಸುವುದು?

ಹಿಂದಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಾ ಪದರ ಎಣಿಸಿದೆ. ಎಲೆಯ ಅಂಡರ್‌ಲೇ, ಅಂದರೆ ಮೇಲಿನ ಹೊಲಿಗೆ ಸರಿಯಾಗಿ ಕೂರಲಿ ಅಂತ ಮೊದಲು ಹಾಕುವ ತೆಳು ಹೊಲಿಗೆ. ಅದರ ಮೇಲೆ ಎಲೆಯ ಫಿಲ್, ಅಂದರೆ ಆಕಾರದ ಒಳಗನ್ನು ಸಾಲು ಸಾಲಾಗಿ ತುಂಬುವ ಹೊಲಿಗೆ. ಆಮೇಲೆ ಹೂವಿನ ಅಂಡರ್‌ಲೇ, ಹೂವಿನ ಫಿಲ್. ಕೊನೆಗೆ ಅಕ್ಷರದ ಅಂಡರ್‌ಲೇ, ಅಕ್ಷರದ ಸ್ಯಾಟಿನ್, ಅಂದರೆ ಅಂಚಿನಿಂದ ಅಂಚಿಗೆ ಒತ್ತಾಗಿ ಹೋಗುವ ಹೊಲಿಗೆ. ಒಂದೇ ಜಾಗದಲ್ಲಿ ಆರು ಪದರ. ನನ್ನ ಅತ್ತೆ ಕೈಕಸೂತಿಯಲ್ಲಿ ಪಳಗಿದವರು. ಕಂಪ್ಯೂಟರ್ ಮುಟ್ಟಿದವರಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಕೇಳಿದರು: 'ಅಲ್ಲ ಕಣಮ್ಮಾ, ಹೂವಿನ ಅಡಿಗೆ ಎಲೆ ಯಾಕೆ ಹೊಲಿದೆ? ಅದು ಯಾರಿಗೆ ಕಾಣುತ್ತೆ?'

ಆ ಪ್ರಶ್ನೆಯಿಂದಲೇ ನನಗೆ ಈ ಕೆಲಸ ಅರ್ಥವಾಗಲು ಶುರುವಾಯಿತು. ಕೈಯಲ್ಲಿ ಹೊಲಿಯುವವರು ಕಾಣದ ಜಾಗದಲ್ಲಿ ದಾರ ಹಾಕುವುದಿಲ್ಲ. ಎಲೆ ಹೂವಿನ ಅಂಚಿಗೆ ಬಂದು ನಿಲ್ಲುತ್ತದೆ. ಆದರೆ ಎರಡು ಡಿಸೈನ್ ಫೈಲ್‌ಗಳನ್ನು ಸುಮ್ನೆ ಒಂದರ ಮೇಲೊಂದು ಇಟ್ಟರೆ, ಎಲೆಗೆ ತನ್ನ ಮೇಲೆ ಹೂವು ಬರುತ್ತದೆ ಅಂತ ಗೊತ್ತಿಲ್ಲ. ಅದು ಪೂರ್ತಿ ಎಲೆಯಾಗೇ ಹೊಲಿಯುತ್ತದೆ. ಪರದೆ ಮೇಲೆ ಮೇಲಿನದ್ದು ಕೆಳಗಿನದನ್ನು ಮುಚ್ಚುತ್ತದೆ, ಕಣ್ಣಿಗೆ ಚಪ್ಪಟೆ ಚಿತ್ರ ಕಾಣುತ್ತದೆ. ಬಟ್ಟೆ ಮೇಲೆ ಮಾತ್ರ ಅದಷ್ಟೂ ದಾರ ಕೂರಲೇಬೇಕಲ್ವಾ?

ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ದಾರಿ ಇದೆ. ಅಡಿಯಲ್ಲಿ ಮುಚ್ಚಿಹೋಗುವ ಹೊಲಿಗೆಗಳನ್ನು ತೆಗೆಯುವ ಕಮಾಂಡ್ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಸಿಗುತ್ತದೆ. ಆದರೆ ಅದನ್ನೂ ಕಣ್ಣುಮುಚ್ಚಿ ಒತ್ತುವಂತಿಲ್ಲ. ಎಲೆಯನ್ನು ಹೂವಿನ ಅಂಚಿಗೆ ಸರಿಯಾಗಿ ಕತ್ತರಿಸಿಬಿಟ್ಟರೆ, ಹೊಲಿಯುವಾಗ ದಾರ ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಎರಡರ ನಡುವೆ ಬಟ್ಟೆಯ ಬಣ್ಣದ ಒಂದು ಗೆರೆ ಇಣುಕುತ್ತದೆ. ಅದಕ್ಕೆ ಒಂದು, ಒಂದೂವರೆ ಮಿಲಿಮೀಟರ್‌ನಷ್ಟು ಎಲೆ ಹೂವಿನ ಅಡಿಗೆ ಹೋಗುವ ಹಾಗೆ ಬಿಡಬೇಕು. ಇನ್ನು ಅಕ್ಷರ ಸಣ್ಣದಿದ್ದರೆ ಅದರ ಕೆಳಗಿನ ಫಿಲ್ ತೆಗೆಯಲೇಬಾರದು. ತೆಗೆದರೆ ಹೂವಿನಲ್ಲಿ ತೂತು ತೂತಾಗಿ, ಅಕ್ಷರ ಅದರೊಳಗೆ ಸರಿಯಾಗಿ ಕೂರದೆ ಹೋಗುತ್ತದೆ. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಹೊಲಿಯುವವರೇ ನಿರ್ಧರಿಸಬೇಕು.

ಅಳತೆ ಬದಲಿಸುವ ವಿಷಯ ಇನ್ನೂ ದೊಡ್ಡದು. ನನ್ನ ಮೊದಲ ಮೆಷಿನ್‌ನ ಫ್ರೇಮ್ 100 ಮಿಲಿಮೀಟರ್ ಚೌಕ. ಹೂವು 125 ಮಿಲಿಮೀಟರ್ ಇತ್ತು. ಮೂಲೆ ಹಿಡಿದು ಎಳೆದು ಶೇ 80ಕ್ಕೆ ಇಳಿಸಿದೆ. ಹೊಲಿಗೆಗಳ ಲೆಕ್ಕ ಕೆಳಗಡೆ ಸಾಲಿನಲ್ಲಿ ಬರುತ್ತದೆ, ನಾನು ಅತ್ತ ನೋಡಲೇ ಇಲ್ಲ. ಇಳಿಸುವ ಮೊದಲು ಎಷ್ಟಿತ್ತೋ ಇಳಿಸಿದ ಮೇಲೂ ಅಷ್ಟೇ ಇತ್ತು. ಉದ್ದ, ಅಗಲ ಎರಡೂ ಶೇ 80 ಆದರೆ ಒಟ್ಟು ಜಾಗ ಶೇ 64 ಆಗುತ್ತದೆ. ನೂರು ಜನ ಕೂರುವ ಕೋಣೆಯಲ್ಲಿ 156 ಜನರನ್ನು ತುಂಬಿದ ಹಾಗೆ. ನಾವು ಹೆಚ್ಚಾಗಿ ಬಳಸುವ 40 ನಂಬರ್ ದಾರಕ್ಕೆ ಫಿಲ್‌ನ ಸಾಲುಗಳ ನಡುವೆ 0.4 ಮಿಲಿಮೀಟರ್ ಆಸುಪಾಸಿನ ಅಂತರ ಇಡುವುದು ರೂಢಿ. ನನ್ನ ಹೂವಿನಲ್ಲಿ ಅದು 0.32ಕ್ಕೆ ಬಂದಿತ್ತು. ಹೇಳಲಿಕ್ಕೆ ತೀರಾ ಸಣ್ಣ ವ್ಯತ್ಯಾಸ. ಆದರೆ ಸಾಲಿನ ಮೇಲೆ ಸಾಲು ಸೇರುತ್ತಾ ಹೋದಾಗ ಸೂಜಿ ಆಗಲೇ ದಾರ ತುಂಬಿದ ಜಾಗಕ್ಕೇ ಇಳಿಯುತ್ತಾ ಹೋಗುತ್ತದೆ. ದಾರ ನಾಲ್ಕು ಸಲ ಕಿತ್ತಿದ್ದು ಅದಕ್ಕೇ.

ದೊಡ್ಡದು ಮಾಡಿದರೂ ಕಷ್ಟವೇ. ಸಾಲುಗಳು ದೂರವಾಗಿ ನಡುವೆ ಬಟ್ಟೆ ಕಾಣುತ್ತದೆ. ಸ್ಯಾಟಿನ್ ಹೊಲಿಗೆ ಆದರೆ ದಾರ ಈ ಅಂಚಿನಿಂದ ಆ ಅಂಚಿಗೆ ಒಂದೇ ನೆಗೆತಕ್ಕೆ ಹೋಗುತ್ತದೆ. ಏಳೆಂಟು ಮಿಲಿಮೀಟರ್ ದಾಟಿದರೆ ಆ ದಾರ ಸಡಿಲವಾಗಿ ಮೇಲೇ ನಿಂತಿರುತ್ತದೆ. ಬಳೆಗೆ ಸಿಕ್ಕಿಕೊಳ್ಳುತ್ತದೆ, ಮಗುವಿನ ಉಗುರಿಗೆ ಸಿಕ್ಕಿಕೊಳ್ಳುತ್ತದೆ.

ಯಾಕೆ ಹೀಗೆ ಅಂತ ಕೇಳಿದರೆ, ನಮಗೆ ಸಿಗುವ ಫೈಲ್ ಎಂಥದ್ದು ಅನ್ನುವುದನ್ನು ನೋಡಬೇಕು. ಡಿಎಸ್‌ಟಿ ಅನ್ನುವ ಫೈಲ್ ಹೆಚ್ಚುಕಡಿಮೆ ಎಲ್ಲ ದೊಡ್ಡ ಎಂಬ್ರಾಯ್ಡರಿ ಮೆಷಿನ್‌ಗಳಿಗೂ ನಡೆಯುತ್ತದೆ. ಅದರೊಳಗೆ ಹೂವು ಇಲ್ಲ, ಎಲೆ ಇಲ್ಲ. ಬರೀ ಹೆಜ್ಜೆಗಳು. ಇಲ್ಲಿಂದ ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ, ಸೂಜಿ ಇಳಿಸು. ಪ್ರತಿ ಹೆಜ್ಜೆಯ ಅಳತೆ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಇರುತ್ತದೆ. ಬಣ್ಣ ಕೂಡ ಇರುವುದಿಲ್ಲ. 'ಇಲ್ಲಿ ದಾರ ಬದಲಿಸು' ಅಂತ ಮಾತ್ರ ಇರುತ್ತದೆ. ಮೊದಲ ಸಲ ಕೆಂಪು ಗುಲಾಬಿಯ ಡಿಎಸ್‌ಟಿ ತೆರೆದಾಗ ಅದು ನೀಲಿಯಾಗಿ ಕಂಡಿತು. ಫೈಲೇ ಕೆಟ್ಟಿದೆ ಅಂತ ಮೂರು ಸಲ ಡೌನ್‌ಲೋಡ್ ಮಾಡಿದ್ದೆ. ಕೆಟ್ಟಿರಲಿಲ್ಲ, ಬಣ್ಣ ನಾವೇ ತುಂಬಬೇಕಿತ್ತು.

ಈ ಕೆಲಸದವರು ಇವತ್ತಿಗೂ ಡಿಸೈನ್ ಮಾಡುವುದಕ್ಕೆ ಪಂಚಿಂಗ್ ಅನ್ನುತ್ತಾರೆ. 1863ರಲ್ಲಿ ಸ್ವಿಟ್ಜರ್ಲೆಂಡ್‌ನ ಇಸಾಕ್ ಗ್ರೋಬ್ಲಿ ಶಿಫ್ಲಿ ಅನ್ನುವ ಎಂಬ್ರಾಯ್ಡರಿ ಯಂತ್ರ ಕಂಡುಹಿಡಿದಾಗ, ಚಿತ್ರವನ್ನು ಆರು ಪಟ್ಟು ದೊಡ್ಡದಾಗಿ ಬರೆದುಕೊಂಡು ಅದರ ಒಂದೊಂದು ಗೆರೆಯ ಮೇಲೂ ಕೈಯಲ್ಲಿ ಕಡ್ಡಿ ಆಡಿಸುತ್ತಾ ಹೊಲಿಸುತ್ತಿದ್ದರು. ಮುಂದೆ ಅದೇ ಹೆಜ್ಜೆಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರ ಹೊಡೆದು ಬರೆದಿಟ್ಟರು. ಪಂಚಿಂಗ್ ಅನ್ನುವ ಹೆಸರು ಆ ರಂಧ್ರದ್ದು. ಕಾಗದದ ಪಟ್ಟಿ ಹೋಗಿ ಪೆನ್‌ಡ್ರೈವ್ ಬಂದಿದೆ, ಆದರೆ ಫೈಲ್‌ನಲ್ಲಿ ಇರುವುದು ಆ ಹೆಜ್ಜೆಗಳೇ. ಹಾಗಾಗಿ ಅದನ್ನು ಫೋಟೊ ಎಳೆದ ಹಾಗೆ ಎಳೆಯಲು ಬರುವುದಿಲ್ಲ. ಡಿಸೈನ್ ಮಾಡಿದವರ ಹತ್ತಿರ ಇರುವ ಮೂಲ ಫೈಲ್‌ನಲ್ಲಾದರೆ ಆಕಾರ, ಅಂತರ, ಹೊಲಿಗೆಯ ದಿಕ್ಕು ಎಲ್ಲ ಬೇರೆ ಬೇರೆಯಾಗಿ ಉಳಿದಿರುತ್ತವೆ. ಅಳತೆ ಬದಲಿಸಿದಾಗ ಸಾಫ್ಟ್‌ವೇರ್ ಹೊಲಿಗೆಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಡಿಎಸ್‌ಟಿಯಂಥ ಫೈಲ್‌ನಲ್ಲೂ ಊಹೆ ಮಾಡಿ ಲೆಕ್ಕ ಹಾಕಿಕೊಡುತ್ತವೆ. ಅದನ್ನು ನಂಬಿ ನಾನು ಶೇ 10ರಿಂದ 15ಕ್ಕಿಂತ ಜಾಸ್ತಿ ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ.

ಬಣ್ಣದ ಬಗ್ಗೆ ಒಂದು ಅನುಭವ ಹೇಳಲೇಬೇಕು. ಒಂದೇ ಎಲೆಯನ್ನು ಎಂಟು ಸಲ ಕಾಪಿ ಮಾಡಿ, ಒಂದೊಂದನ್ನೂ 45 ಡಿಗ್ರಿ ತಿರುಗಿಸಿ ಉಂಗುರದಂತೆ ಜೋಡಿಸಿದೆ. ಪ್ರತಿ ಎಲೆಗೆ ತಿಳಿಹಸಿರು ಫಿಲ್, ಅದರ ಮೇಲೆ ಕಡುಹಸಿರು ನರ. ಹಾಗೇ ಹೊಲಿದರೆ ತಿಳಿ, ಕಡು, ತಿಳಿ, ಕಡು ಅಂತ ಹದಿನೈದು ಸಲ ದಾರ ಬದಲಿಸಬೇಕು. ಒಂದೇ ಸೂಜಿಯ ಮೆಷಿನ್‌ನಲ್ಲಿ ಅದು ಸಾಕೋ ಸಾಕು ಅನ್ನಿಸುವ ಕೆಲಸ. ಬಣ್ಣಗಳನ್ನು ಒಟ್ಟುಗೂಡಿಸುವ ಕಮಾಂಡ್ ಒತ್ತಿದೆ. ಹದಿನೈದು ಇದ್ದದ್ದು ಒಂದಕ್ಕೆ ಇಳಿಯಿತು. ಹೊಲಿದು ನೋಡಿದರೆ ಉಂಗುರ ವಿಚಿತ್ರವಾಗಿತ್ತು. ಎಲೆಗಳ ತುದಿಗಳು ಒಂದರ ಮೇಲೊಂದು ಸ್ವಲ್ಪ ಏರಿದ್ದವು. ಎಲ್ಲ ತಿಳಿಹಸಿರು ಮೊದಲು ಮುಗಿದಿದ್ದರಿಂದ, ಕೆಳಗಿನ ಎಲೆಯ ನರ ಮೇಲಿನ ಎಲೆಯ ಮೈಮೇಲೆ ಹಾದುಹೋಗಿತ್ತು. ಒಂದಕ್ಕೊಂದು ತಾಗದ ಎಲೆಗಳಾಗಿದ್ದರೆ ಏನೂ ಆಗುತ್ತಿರಲಿಲ್ಲ. ಕೊನೆಗೆ ಎಲೆಗಳನ್ನು ಎರಡು ಮಿಲಿಮೀಟರ್ ಹೊರಕ್ಕೆ ಸರಿಸಿ ಬಿಡಿಸಿದೆ. ಉಂಗುರ ಮೊದಲಿಗಿಂತ ಹಗುರವಾಗಿ ಕಂಡಿತು. ಈಗ ಯಾವ ಉಂಗುರ ಮಾಡಿದರೂ ಹಾಗೇ ಮಾಡುತ್ತೇನೆ.

ಇದೆಲ್ಲ ಬಟ್ಟೆ ಮೇಲೆ ಹೋಗುವ ಮೊದಲೇ ಕಾಣುತ್ತದೆ, ನೋಡುವ ತಾಳ್ಮೆ ಇದ್ದರೆ. ಸಾಫ್ಟ್‌ವೇರ್‌ನಲ್ಲಿ ಸಿಮ್ಯುಲೇಟರ್ ಅಂತ ಒಂದಿರುತ್ತದೆ. ಸೂಜಿ ಯಾವ ಕ್ರಮದಲ್ಲಿ ಓಡುತ್ತದೆ ಅಂತ ನಿಧಾನವಾಗಿ ತೋರಿಸುತ್ತದೆ. ಎಲ್ಲಿ ಒಂದು ಹೂವಿನಿಂದ ಇನ್ನೊಂದಕ್ಕೆ ಉದ್ದ ದಾರ ಹಾರುತ್ತದೆ, ಎಲ್ಲಿ ಗಂಟು ಹಾಕದೆ ಕತ್ತರಿಸುತ್ತದೆ, ಎಲ್ಲಿ ಮೇಲಿರಬೇಕಾದದ್ದು ಮೊದಲೇ ಮುಗಿದುಹೋಗುತ್ತದೆ, ಎಲ್ಲವೂ ಗೊತ್ತಾಗುತ್ತದೆ. ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಆಗದವರಿಗೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಇದೆ, ಎಂಬ್ರಾಯ್ಡರಿಗೆ ಅಂತ ಅದರೊಳಗೆ ಸೇರಿಸಿಕೊಳ್ಳುವ ಇಂಕ್‌ಸ್ಟಿಚ್ ಇದೆ. ಎರಡೂ ಉಚಿತ. ಸಿಮ್ಯುಲೇಟರ್ ಅದರಲ್ಲೂ ಇದೆ. ಡಿಎಸ್‌ಟಿ, ಮನೆ ಮೆಷಿನ್‌ಗಳು ಓದುವ ಪಿಇಎಸ್, ಜೆಇಎಫ್ ಫೈಲ್‌ಗಳನ್ನೂ ಮಾಡಿಕೊಡುತ್ತದೆ. ನಿಮ್ಮ ಬರಹದಲ್ಲಿ ಇದರ ಹೆಸರೇ ಬರಲಿಲ್ಲ. ಕಲಿಯುವ ಹುಡುಗಿಯರಿಗೆ ಇದು ಗೊತ್ತಾಗಬೇಕು.

ಇನ್ನೊಂದು ಮಾತು. ಹೂವು ಒಬ್ಬರದು, ಎಲೆ ಇನ್ನೊಬ್ಬರದು. ಎರಡನ್ನೂ ಕೂಡಿಸಿದ್ದು ನಾನೇ ಆದರೂ ಆ ಫೈಲ್ ನನ್ನದಾಗುವುದಿಲ್ಲ. ಹೊಲಿದ ಬಟ್ಟೆ ಮಾರಬಹುದೋ ಇಲ್ಲವೋ ಅನ್ನುವುದು ಡಿಸೈನ್ ಜೊತೆ ಕೊಡುವ ಷರತ್ತಿನಲ್ಲಿ ಬರೆದಿರುತ್ತದೆ. ಕೂಡಿಸಿದ ಫೈಲನ್ನೇ ಹಂಚುವುದು, ಮಾರುವುದು ಮಾತ್ರ ತಪ್ಪು. ಒಂದು ಹೂವು ಸರಿಯಾಗಿ ಮಾಡಲು ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಡಿಸೈನ್ ಮಾಡಿ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಚೆಂದದ ಚಿತ್ರದ ಜೊತೆ ನಾಲ್ಕು ಸಾಲು ಬರೆದುಕೊಡಿ. ಎಷ್ಟು ಅಳತೆಗೆ ಮಾಡಿದ್ದು, ಎಷ್ಟು ಹೊಲಿಗೆ, ಯಾವ ದಾರ, ಯಾವ ಬಟ್ಟೆ ಮೇಲೆ ಹೊಲಿದು ನೋಡಿದ್ದೀರಿ, ಎಷ್ಟರವರೆಗೆ ಕುಗ್ಗಿಸಬಹುದು. ಇಷ್ಟು ಗೊತ್ತಾದರೆ ಕೂಡಿಸುವವರ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಪತ್ರಿಕೆಯವರಲ್ಲೂ ಒಂದು ಕೋರಿಕೆ. ಮುಂದಿನ ಸಲ ಇಂಥ ಬರಹ ಹಾಕುವಾಗ ಪರದೆಯ ಚಿತ್ರ ಮಾತ್ರ ಹಾಕಬೇಡಿ. ಅದೇ ಡಿಸೈನ್ ಬಟ್ಟೆ ಮೇಲೆ ಹೇಗೆ ಬಂತು, ಹಿಂಬದಿ ಹೇಗಿದೆ, ಅದನ್ನೂ ತೋರಿಸಿ.

ಅಕ್ಕನ ಮಗಳಿಗೆ ಬೇರೆ ಹೊದಿಕೆ ಹೊಲಿದುಕೊಟ್ಟೆ. ಎಲೆಯನ್ನು ಹೂವಿನ ಅಂಚಿಗೆ ನಿಲ್ಲಿಸಿ, ಅಕ್ಷರವನ್ನು ಹೂವಿನ ಪಕ್ಕಕ್ಕೆ ಇಳಿಸಿ. ಮಗು ಅದನ್ನು ಎಳೆದಾಡಿ ಎಳೆದಾಡಿ ಈಗ ಅಂಚು ಸವೆದಿದೆಯಂತೆ. ಕೆಟ್ಟ ಹೊದಿಕೆಯ ಆ ಮೂಲೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನನ್ನ ಹತ್ತಿರ ಕಲಿಯಲು ಬರುವವರಿಗೆ ಕಂಪ್ಯೂಟರ್ ತೆರೆಯುವ ಮೊದಲು ಅದನ್ನು ಕೈಗೆ ಕೊಟ್ಟು, ಮಡಚಿ ನೋಡಿ ಅನ್ನುತ್ತೇನೆ. ನಿಮ್ಮ ಪುರವಣಿಗೆ ಬೇಕಾದರೆ ಅದರ ಎರಡೂ ಬದಿಯ ಫೋಟೊ ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಕಾಯಂ ಓದುಗರಲ್ಲಿ ಒಬ್ಬಳು