ತೋಳವೋ ನಾಯಿಯೋ, ಹೇಳೋರು ಯಾರು?

ಸಂಪಾದಕರೇ,

ಮೊನ್ನೆ ನಮ್ಮ ಗುಡ್ಡದ ಕಡೆ ಕುರಿ ಸತ್ತ ಸುದ್ದಿಗೆ 'ಬೀದಿ ನಾಯಿ ದಾಳಿ' ಅಂತ ಹೆಡ್ಡಿಂಗ್ ಕೊಟ್ಟಿದ್ದೀರಿ. ಆ ಆರು ಕುರಿ ನನ್ನವು. ನಾಯಿ ಅಂತ ನಿಮಗೆ ಹೇಳಿದವರು ಜೀಪಿನಿಂದ ಇಳಿದೇ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಅರಣ್ಯ ಇಲಾಖೆಗೆ ಫೋನ್ ಮಾಡಿದೆ, ಅವರು ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮುಟ್ಟಬೇಡ, ಹೂಳಬೇಡ ಅಂತ ಹುಕುಂ. ನೊಣ ಹೊಡೆಯುತ್ತಾ ಬಿಸಿಲಲ್ಲಿ ಕೂತೆ. ಉಳಿದ ಹಿಂಡು ಕಾಯಲು ಹೆಂಡತಿ ಕೂಲಿ ಬಿಟ್ಟಳು. ಬಂದವರು ಕಿಟಕಿಯಿಂದಲೇ ಫೋಟೋ ತೆಗೆದು, 'ನಾಯಿ ಕಚ್ಚಿದ್ದು, ಪರಿಹಾರ ಇಲ್ಲ' ಅಂದರು. ಎಂಥ ಕಣ್ಣು ನೋಡಿ! ಆಮೇಲೆ ತಾಲ್ಲೂಕಿಗೆ ನಾಲ್ಕು ಸಲ ಅಲೆದೆ. ಒಮ್ಮೆ ಸಾಹೇಬರಿಗೆ ಮೀಟಿಂಗ್, ಒಮ್ಮೆ ಸರ್ವರ್ ಡೌನ್. ಬಸ್ ಚಾರ್ಜಿಗೇ ಒಂದು ಮರಿ ಬರುತ್ತಿತ್ತು.

ಧಾರವಾಡದಲ್ಲಿ ಎಂಎಸ್ಸಿ ಓದುವ ಅಳಿಯ ಹೇಳಿದ: ಗಾಯದ ಮೇಲಿನ ಜೊಲ್ಲನ್ನು ಹತ್ತಿ ಕಡ್ಡಿಯಲ್ಲಿ ಒರೆಸಿ ಕಳಿಸಿದರೆ, ಕಚ್ಚಿದ್ದು ತೋಳವೋ ನಾಯಿಯೋ ಡಿಎನ್ಎ ಹೇಳುತ್ತದಂತೆ. ಹೈದರಾಬಾದಿನ ಸಿಸಿಎಂಬಿ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಕಾಡುಪ್ರಾಣಿಗಳ ಇಂಥ ಪರೀಕ್ಷೆ ಎಷ್ಟೋ ವರ್ಷದಿಂದ ನಡೆಯುತ್ತಿದೆ. ಆದರೆ ಜೊಲ್ಲನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು. ಬಿಸಿಲಿಗೆ ಒಂಬತ್ತು ತಾಸು ಬಿದ್ದರೆ ಏನು ಉಳಿಯುತ್ತದೆ? ನನ್ನ ತಾಳ್ಮೆಯೇ ಉಳಿಯಲಿಲ್ಲ.

ನಮ್ಮ ದೇಶದ ತೋಳದ್ದು ಜಗತ್ತಿನ ಬೂದು ತೋಳಗಳಲ್ಲೇ ಬಹಳ ಹಳೆಯ ವಂಶ ಅಂತ 2021ರಲ್ಲಿ ಜೀನೋಮ್, ಅಂದರೆ ಇಡೀ ಡಿಎನ್ಎ, ನೋಡಿ ಹೇಳಿದ್ದಾರೆ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೇ ಅಂತ ಧಾಮ ಮಾಡಿದ್ದಾರೆ, ನಮ್ಮಲ್ಲಿ ಚಿಂಕಾರ ಅನ್ನೋ ಹುಲ್ಲೆಗೆ ಯಡಹಳ್ಳಿ ಧಾಮ ಇದೆ. ಸಂತೋಷ. ಹಾಗಾದರೆ ಆ ತೋಳ ನನ್ನ ಕುರಿ ತಿಂದಾಗ ಮಾತ್ರ ಯಾಕೆ ನಾಯಿ ಆಗಿಬಿಡುತ್ತದೆ? ಪುಣೆ ಕಡೆ ತೋಳ-ನಾಯಿ ಬೆರಕೆ ಇರುವುದೂ ಜೀನೋಮ್ ಪರೀಕ್ಷೆಯಲ್ಲೇ ಖಚಿತವಾಗಿದ್ದು. ನಾಳೆ ಇಲ್ಲೂ ಬೆರಕೆ ಬಂದರೆ ಅರ್ಧ ಪರಿಹಾರ ಕೊಡುತ್ತೀರಾ ಸಾಹೇಬರೇ? ದುಡ್ಡು ಸಿಗದ ಸಿಟ್ಟಿಗೆ ಯಾರಾದರೂ ಸತ್ತ ಕುರಿಗೆ ವಿಷ ಹಾಕಿಟ್ಟರೆ ತೋಳವೂ ಹೋಯಿತು, ವಂಶವೂ ಹೋಯಿತು. ನಾನು ಹಾಕಲ್ಲ. ಎಲ್ಲರ ಮಾತು ನಾನು ಹೇಳಲಾರೆ.

ಸರ್ಕಾರದವರದ್ದು ಇದು ಹೊಸ ಚಾಳಿ ಅಲ್ಲ ಬಿಡಿ. ಆಲಮಟ್ಟಿ ಹಿನ್ನೀರಿಗೆ ಹೊಲ ಹೋದಾಗ, ಸರ್ವೆಗೆ ಬಂದವರು ನಮ್ಮ ಬಾವಿಯನ್ನೇ ಬರೆಯಲಿಲ್ಲ. ಬಾವಿ ಇತ್ತು ಅಂತ ಸಾಬೀತು ಮಾಡುವುದರಲ್ಲೇ ಅಪ್ಪ ಮುದುಕನಾದ. ಈಗ ನಾನು ತೋಳ ಸಾಬೀತು ಮಾಡಬೇಕು.

ಪರಿಹಾರ ಕೊಡಿ. ಇಲ್ಲಾ ಜೀಪಿನಲ್ಲಿ ನಾಲ್ಕು ಹತ್ತಿ ಕಡ್ಡಿಯಾದರೂ ಇಟ್ಟುಕೊಳ್ಳಿ, ಅದಕ್ಕೇನು ಟೆಂಡರ್ ಬೇಕಾ? ಸಂಪಾದಕರೇ, ನೀವೂ ಅಷ್ಟೇ. ಇನ್ನೊಮ್ಮೆ ಸುಮ್ನೆ 'ನಾಯಿ' ಅಂತ ಹಾಕುವ ಮೊದಲು ಕುರಿ ಯಾರದ್ದು ಅಂತ ಕೇಳಿ ನನಗೊಂದು ಫೋನ್ ಮಾಡಿ.

— ನೊಂದ ಕುರಿಗಾರ, ಬಾಗಲಕೋಟೆ ಜಿಲ್ಲೆ